ಟಾಂಗ್ ಟೆಸ್ಟರ್ ಕೈಗೆ ಬಂದ ಸಂಜೆ

ನಮ್ಮೂರು ಮಳವಳ್ಳಿ ತಾಲ್ಲೂಕು. 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ಶಿವನಸಮುದ್ರ ಇರುವುದು ಇದೇ ತಾಲ್ಲೂಕಿನಲ್ಲಿ. ಆದರೂ ನಾನು ಎಸ್ಸೆಸ್ಸೆಲ್ಸಿ ಓದುವಾಗ ಸಂಜೆ ಏಳಾದರೆ ನಮ್ಮನೆ ಟ್ಯೂಬ್‌ಲೈಟ್ ಹೊತ್ತುತ್ತಿರಲಿಲ್ಲ. ನಾಲ್ಕು ಸಲ ಮಿಟುಕಿಸಿ ಸುಮ್ಮನಾಗುತ್ತಿತ್ತು. ನಾನು ಎಲೆಕ್ಟ್ರಿಕಲ್ ತಗೊಳ್ಳಲು ಅದೇ ಕಾರಣ.

ಮಂಡ್ಯದಲ್ಲಿ ಬಿಇ ಮುಗಿಯಿತು. ಜೊತೆಯವರು ಬಹಳಷ್ಟು ಮಂದಿ ಸಾಫ್ಟ್‌ವೇರ್ ಅಂತ ಬೆಂಗಳೂರಿನ ರೈಲು ಹತ್ತಿದರು. ನಾನು ಲೈನ್ ಕೆಲಸದ ಗುತ್ತಿಗೆದಾರರೊಬ್ಬರ ಹತ್ತಿರ ಸೇರಿದೆ. ಎಂಟು ತಿಂಗಳು ಕಂಬ ಎಣಿಸಿದ್ದು, ಬಿಲ್ ಬರೆದದ್ದೇ ಆಯಿತು, ಸಂಬಳವೂ ತಡ. ಬಿಟ್ಟುಬಿಡಬೇಕು ಅಂದುಕೊಳ್ಳುವಷ್ಟರಲ್ಲಿ ಒಂದು ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ನನ್ನನ್ನು ಹಿಡಿದು ನಿಲ್ಲಿಸಿತು.

63 ಕೆವಿಎ ಸಾಮರ್ಥ್ಯದ ಟಿಸಿ ಅದು, ಎರಡು ವರ್ಷದಲ್ಲಿ ಎರಡು ಸಲ ಸುಟ್ಟಿತ್ತು. ಲೋಡ್ ಜಾಸ್ತಿ, 100 ಕೆವಿಎ ಹಾಕಬೇಕು ಅಂತ ಎಸ್ಟಿಮೇಟ್ ತಯಾರಾಗಿತ್ತು. ಹಳೆಯ ಲೈನ್‌ಮನ್ ಒಬ್ಬರು ಮಾತ್ರ, "ಸದ್ದು ಕೇಳಿ ಸಾರ್, ಇದು ಒಂದೇ ಕಾಲಲ್ಲಿ ನಿಂತೈತೆ" ಅಂದರು. ಏಳು ಗಂಟೆಗೆ ಟಾಂಗ್ ಟೆಸ್ಟರ್ (ವೈರನ್ನು ಇಕ್ಕಳದಂತೆ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ತಂದು ಒಂದೊಂದೇ ಕೇಬಲ್ಲಿಗೆ ಹಾಕಿದೆ. ಆರ್ ಫೇಸ್ 112 ಆಂಪ್ಸ್, ವೈ 64, ಬಿ 58. ಮೂರೂ ಸಮ ಇದ್ದರೆ ಏನೂ ಇರಬಾರದ ನ್ಯೂಟ್ರಲ್‌ನಲ್ಲಿ 50ರ ಮೇಲೆ! ಈ ಟಿಸಿಗೆ ಫೇಸಿಗೆ ಸುಮಾರು 84 ಆಂಪ್ಸ್ ಫುಲ್ ಲೋಡ್. ಮೂರನ್ನೂ ಕೂಡಿ ಭಾಗಿಸಿದರೆ 78 ಬರುತ್ತೆ. ಟಿಸಿ ಚಿಕ್ಕದಾಗಿರಲಿಲ್ಲ. ಹೊಸ ಬಡಾವಣೆಯ ಮನೆಗಳನ್ನೆಲ್ಲ ಕೈಗೆ ಸಿಕ್ಕ ಒಂದೇ ಫೇಸಿಗೆ ಸೇರಿಸಿಬಿಟ್ಟಿದ್ದರು. ಎಲ್‌ಸಿ (ಲೈನ್ ಕರೆಂಟ್ ತೆಗೆಸಿ ಕೆಲಸಕ್ಕೆ ಕೊಡುವ ಅನುಮತಿ) ತಗೊಂಡು ಎರಡು ದಿನ ಸರ್ವಿಸ್ ವೈರ್‌ಗಳನ್ನು ಹಂಚಿದೆವು. ಮೂರನೇ ಸಂಜೆ 81, 77, 76. ಕೊನೇ ಮನೆಯ ಅಜ್ಜಿ, "ಮಿಕ್ಸಿ ತಿರುಗ್ತದೆ ಕಣಪ್ಪ" ಅಂದರು. ಎಸ್ಟಿಮೇಟ್ ಕಪಾಟಿನಲ್ಲೇ ಉಳಿಯಿತು.

ಅವತ್ತಿನಿಂದ ನೋಟ್‌ಬುಕ್ ಹಿಡಿದೆ. ಹೋದಲ್ಲೆಲ್ಲ ರೀಡಿಂಗ್, ಸಮಯ, ಯಾಕಿರಬಹುದು ಅನ್ನುವ ನನ್ನ ಊಹೆ, ಆಮೇಲೆ ಊಹೆ ತಪ್ಪಾಗಿದ್ದರೆ ಅದೂ. ಕರೆಂಟ್, ಇಂಧನ ಎಲ್ಲಿ ಪೋಲಾಗುತ್ತೆ ಅಂತ ಲೆಕ್ಕ ಹಾಕುವ ಮೈಸೂರಿನ ಎನರ್ಜಿ ಆಡಿಟ್ ಸಂಸ್ಥೆಯೊಂದರ ಇಂಟರ್‌ವ್ಯೂನಲ್ಲಿ ಮಾರ್ಕ್ಸ್ ಕಾರ್ಡ್ ಪಕ್ಕಕ್ಕಿಟ್ಟು ಆ ನೋಟ್‌ಬುಕ್ಕನ್ನೇ ಅರ್ಧ ಗಂಟೆ ತಿರುವಿದರು. ಕೆಲಸ ಸಿಕ್ಕಿತು. ಆಮೇಲೆ ಎನರ್ಜಿ ಆಡಿಟರ್ ಪರೀಕ್ಷೆ, ನಾಲ್ಕು ಪತ್ರಿಕೆ. ಬಾಯ್ಲರ್, ಸ್ಟೀಮ್ ಇರುವ ಎರಡನೇ ಪತ್ರಿಕೆಯಲ್ಲಿ ಮೊದಲ ಸಲ ಫೇಲಾದೆ. ಪುಸ್ತಕ ಸಾಲದು ಅನಿಸಿ ಆಲೆಮನೆಯ ಒಲೆ ಮುಂದೆ ಕೂತೆ. ಹಸಿ ಸಿಪ್ಪೆ ಹಾಕಿದರೆ ಒಲೆಯ ಬಿಸಿಯೆಲ್ಲ ನೀರು ಆರಿಸಲಿಕ್ಕೇ ಹೋಗುವುದು ಅಲ್ಲಿ ಕಣ್ಣಿಗೇ ಕಂಡಿತು. ಮುಂದಿನ ಸಲ ಪಾಸಾದೆ.

ಈಗ ಸೋಲಾರ್ ಅಂತ ಬರುವ ಹುಡುಗ ಹುಡುಗಿಯರು ಸಾಫ್ಟ್‌ವೇರ್‌ನಲ್ಲಿ ಪ್ಯಾನೆಲ್‌ಗಳ ಲೇಔಟ್ ಚೆನ್ನಾಗಿಯೇ ಬಿಡಿಸುತ್ತಾರೆ. ನನಗೆ ಭಯವಿರುವುದು ಬೇರೆ ಕಡೆ. ಎಲ್‌ಸಿ ಸಿಕ್ಕಿದೆ ಅಂತ ಲೈನ್ ಮುಟ್ಟಬೇಡಿ. ಯಾರದೋ ಮನೆಯ ಜನರೇಟರ್ ಹಿಂದಿನಿಂದ ಟಿಸಿಗೆ ಕರೆಂಟ್ ಕೊಟ್ಟರೆ ಮೇಲಿನ ಲೈನಿನಲ್ಲಿ 11 ಕೆವಿ, ಅಂದರೆ 11 ಸಾವಿರ ವೋಲ್ಟ್, ಎದ್ದು ಕೂತಿರುತ್ತೆ. ಮೊದಲು ಟೆಸ್ಟ್ ಮಾಡಿ, ಲೈನನ್ನು ನೆಲಕ್ಕೆ ಸೇರಿಸುವ ಡಿಸ್ಚಾರ್ಜ್ ರಾಡ್‌ನ ಅರ್ಥ್ ಬಿಗಿಯಾಗಿದೆಯಾ ಕೈಯಾರೆ ನೋಡಿ, ಆಮೇಲೆ ಕೆಲಸದ ಜಾಗದ ಎರಡೂ ಕಡೆ ರಾಡ್ ಹಾಕಿ. ನಮ್ಮಲ್ಲಿ ಹೊಸಬರು ಮೊದಲ ಮೂರು ತಿಂಗಳು ಲ್ಯಾಪ್‌ಟಾಪ್ ಮುಟ್ಟುವುದಿಲ್ಲ. ಆ ಲೈನ್‌ಮನ್ ರಿಟೈರ್ ಆಗಿದ್ದಾರೆ, ವಾರಕ್ಕೆರಡು ದಿನ ಬಂದು ಹೊಸಬರನ್ನು ಸೈಟಿಗೆ ಕರೆದುಕೊಂಡು ಹೋಗುತ್ತಾರೆ.