ಜಿಪುಣನ ಪಾತ್ರವನ್ನು ಕಟ್ಟುವ ಬಗೆ

ನಾಟಕಕ್ಕಾಗಲಿ ಕಥೆಗಾಗಲಿ ಜಿಪುಣನೊಬ್ಬನನ್ನು ತರಬೇಕೆಂದು ಹೊರಟವರು ಮೊದಲು ಅವನನ್ನು ಮಿತವ್ಯಯಿಯಿಂದ ಬೇರ್ಪಡಿಸಿಕೊಳ್ಳಬೇಕು. ಹರಿದ ಅಂಗಿಗೆ ತೇಪೆ ಹಾಕಿ ತೊಡುವವನು, ಮಗಳ ಓದಿಗೆಂದು ಹೋಟೆಲಿನ ಕಾಫಿ ಬಿಟ್ಟವನು ಜಿಪುಣರಲ್ಲ. ಅವರ ಉಳಿತಾಯಕ್ಕೊಂದು ಉದ್ದೇಶವಿದೆ, ಅದು ಕೂಡಿಬಂದ ದಿನ ಗಂಟು ಬಿಚ್ಚುತ್ತದೆ. ಜಿಪುಣನಿಗೆ ಅಂಥ ದಿನ ಬರುವುದೇ ಇಲ್ಲ. ಹಣವನ್ನು ತಾನು ಮುಟ್ಟದೆಯೇ ಪರರಿಗೆ ಬಿಟ್ಟುಹೋಗುವ ಕೃಪಣನಂಥ ದಾನಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದಿಲ್ಲ ಎಂದು ಸಂಸ್ಕೃತದ ಸುಭಾಷಿತವೊಂದು ಅವನನ್ನು ಹಾಸ್ಯ ಮಾಡುತ್ತದೆ.

ಅವನ ಗುಣವನ್ನು ವಿಶೇಷಣಗಳಿಂದ ಹೇಳದೆ ಕ್ರಿಯೆಯಿಂದ ತೋರಿಸಬೇಕು. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂಬ ನಮ್ಮ ಮಾತು ಇಷ್ಟು ಕಾಲ ಉಳಿದಿರುವುದಕ್ಕೆ ಕಾರಣ, ಬೆರಳಿಗಂಟಿದ ಅಗುಳು ಹಾರಿಹೋದೀತೆಂಬ ಭಯ ಅದರಲ್ಲಿ ಕಣ್ಣಿಗೆ ಕಟ್ಟುತ್ತದೆ. ರೋಮಿನ ನಾಟಕಕಾರ ಪ್ಲಾಟಸ್ ಸುಮಾರು 2200 ವರ್ಷಗಳ ಹಿಂದೆ ಇದನ್ನೇ ಮಾಡಿದ: ಅವನ ನಾಟಕದ ಜಿಪುಣ ಯೂಕ್ಲಿಯೋ ಕ್ಷೌರಿಕ ಕತ್ತರಿಸಿದ ಉಗುರುಗಳನ್ನು ಆಯ್ದುಕೊಂಡು ಮನೆಗೊಯ್ಯುತ್ತಾನೆ, ನಿದ್ದೆಯಲ್ಲಿ ಉಸಿರು ಪೋಲಾಗದಿರಲೆಂದು ಬಾಯಿಗೆ ಚೀಲ ಕಟ್ಟಿಕೊಳ್ಳುತ್ತಾನೆಂದು ಆಳು ಆಡಿಕೊಳ್ಳುತ್ತಾನೆ. ಅತಿಶಯೋಕ್ತಿಯನ್ನು ಹೀಗೆ ಇನ್ನೊಬ್ಬರ ಬಾಯಿಗೆ ಬಿಡುವುದು ಒಳ್ಳೆಯದು. ಪಾತ್ರವೇ ರಂಗದ ಮೇಲೆ ಅದನ್ನೆಲ್ಲ ಮಾಡಿದರೆ ಅದು ಬರಿಯ ಕೋಡಂಗಿಯಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಅವನ ತರ್ಕ. ಜಿಪುಣನು ತನ್ನ ದೃಷ್ಟಿಯಲ್ಲಿ ನ್ಯಾಯವಂತನೇ ಆಗಿರಬೇಕು, ಅವನ ಲೆಕ್ಕದ ಪ್ರತಿಯೊಂದು ಸಾಲಿಗೂ ಒಂದು ಸಮಜಾಯಿಷಿ ಇರಬೇಕು. ಫ್ರೆಂಚ್ ನಾಟಕಕಾರ ಮೋಲಿಯೇರ್ 1668ರಲ್ಲಿ ರಂಗಕ್ಕೆ ತಂದ ಜಿಪುಣ ಹಾರ್ಪಗಾನ್‌ನ ಸಾಲದ ಕರಾರನ್ನು ಈ ದೃಷ್ಟಿಯಿಂದ ಓದಬೇಕು. ಆತ್ಮಸಾಕ್ಷಿಗೆ ಹೊರೆಯಾಗಬಾರದೆಂದು ಸಾಲ ಕೊಡುವ ಹಾರ್ಪಗಾನ್ ಶೇಕಡ ಐದೂವರೆಯಷ್ಟು ಬಡ್ಡಿಯನ್ನಷ್ಟೇ ಕೇಳುತ್ತಾನೆ. ಆದರೆ ಅಷ್ಟು ಹಣ ತನ್ನಲ್ಲಿಲ್ಲದೆ ಬೇರೊಬ್ಬರಿಂದ ಶೇಕಡ 20ಕ್ಕೆ ತರಬೇಕಾಗಿರುವುದರಿಂದ ಆ ಬಡ್ಡಿಯನ್ನೂ ಸಾಲ ಪಡೆಯುವವನೇ ತೆರಬೇಕಂತೆ. ಕೇಳಿದ 15,000 ಫ್ರಾಂಕ್‌ಗಳಲ್ಲಿ 12,000 ಮಾತ್ರ ನಗದು, ಮಿಕ್ಕದ್ದಕ್ಕೆ ಹಳೆಯ ಮಂಚ, ಒಲೆ, ಹುಲ್ಲು ತುಂಬಿದ ಹಲ್ಲಿಯ ಚರ್ಮ. ಆ ಸಾಲ ಕೇಳಿದವನು ತನ್ನ ಮಗನೇ ಎಂಬುದು ಅನಂತರ ಬಯಲಾಗುತ್ತದೆ. ಒಂದೊಂದು ಷರತ್ತೂ ಸೌಜನ್ಯದ ಭಾಷೆಯಲ್ಲಿರುವುದರಿಂದಲೇ ನಗು ಹೆಚ್ಚುತ್ತದೆ.

ಆಮೇಲೆ, ಕೈಯಿಂದ ಕೈಗೆ ಹೋಗುವ ಒಂದು ವಸ್ತುವನ್ನು ಹುಡುಕಿಕೊಳ್ಳಬೇಕು. ಇದಕ್ಕೆ ಪುರಂದರದಾಸರ ಪೂರ್ವಾಶ್ರಮದ ಐತಿಹ್ಯಕ್ಕಿಂತ ಉತ್ತಮ ಮಾದರಿ ನನಗೆ ಕಂಡಿಲ್ಲ. ಮಗನ ಉಪನಯನಕ್ಕೆಂದು ಬೇಡಿದ ಬಡ ಬ್ರಾಹ್ಮಣನನ್ನು ಶ್ರೀನಿವಾಸ ನಾಯಕ ನಾಳೆ ಬಾ ಎಂದು ಅಲೆದಾಡಿಸುತ್ತಾನೆ. ಹೆಂಡತಿ ತನ್ನ ಮೂಗುತಿಯನ್ನು ಬಿಚ್ಚಿ ಕೊಡುತ್ತಾಳೆ. ಬ್ರಾಹ್ಮಣ ಅದನ್ನು ಮಾರಲು ತರುವುದು ನಾಯಕನ ಅಂಗಡಿಗೇ. ಗುರುತು ಹಿಡಿದ ನಾಯಕ ಕಿರುಚಾಡುವುದಿಲ್ಲ. ಮೂಗುತಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮನೆಗೆ ಹೋಗಿ ‘ಮೂಗುತಿ ಎಲ್ಲಿ’ ಎಂದು ಕೇಳುತ್ತಾನೆ. ಪವಾಡ ನಡೆಯುವುದು ಅನಂತರ. ಬೀಗ ಹಾಕುವ ಆ ಕ್ಷಣವನ್ನು ಹರಿಕಥೆಯಲ್ಲಾಗಲಿ ನಾಟಕದಲ್ಲಾಗಲಿ ಅವಸರದಿಂದ ದಾಟಿಸಬಾರದು, ಏಕೆಂದರೆ ಹೆಂಡತಿಗಿಂತ ಒಡವೆಯ ಭದ್ರತೆ ಅವನಿಗೆ ಮೊದಲು ಎಂಬುದು ಅಲ್ಲಿಯೇ ತಿಳಿಯುತ್ತದೆ.

ನಿಜಜೀವನದಿಂದ ಸಾಮಗ್ರಿ ಆರಿಸುವಾಗ ವಿರೋಧಾಭಾಸವನ್ನು ಬಿಡಬಾರದು. 1789ರಲ್ಲಿ ತೀರಿಕೊಂಡ ಇಂಗ್ಲೆಂಡಿನ ಸಂಸತ್ ಸದಸ್ಯ ಜಾನ್ ಎಲ್ವೆಸ್ ರಾತ್ರಿಯೆಲ್ಲ ದೊಡ್ಡ ಮೊತ್ತಗಳ ಜೂಜಾಡಿ, ಬೆಳಗಾಗುತ್ತಲೇ ಮಾರುಕಟ್ಟೆಗೆ ಬರುವ ತನ್ನ ದನಗಳನ್ನು ಎದುರುಗೊಳ್ಳಲು ನಡೆದುಹೋಗಿ, ಕಟುಕನೊಡನೆ ಒಂದು ಶಿಲ್ಲಿಂಗಿಗಾಗಿ ಚೌಕಾಸಿ ಮಾಡುತ್ತಿದ್ದನೆಂದು ಅವನ ಚರಿತ್ರಕಾರ ಬರೆದಿದ್ದಾನೆ.

ಮುಕ್ತಾಯವನ್ನು ಬರೆಯುವ ಮೊದಲೇ ತೀರ್ಮಾನಿಸಿಕೊಳ್ಳುವುದು ಕ್ಷೇಮ. ಶ್ರೀನಿವಾಸ ನಾಯಕನು ಸರ್ವಸ್ವವನ್ನೂ ತೊರೆಯುತ್ತಾನೆ. ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ 1843ರಲ್ಲಿ ಬರೆದ ಕಥೆಯ ಜಿಪುಣ ಸ್ಕ್ರೂಜ್ ಒಂದೇ ರಾತ್ರಿಯಲ್ಲಿ ಬದಲಾಗುತ್ತಾನೆ. ಇಂಥ ತಿರುವಿಗೆ ದೇವರೋ ದೆವ್ವವೋ ಬೇಕೇ ಬೇಕು. ಅವೆರಡೂ ಇಲ್ಲದ ಹಾಸ್ಯನಾಟಕವಾದರೆ ಅವನನ್ನು ತಿದ್ದಲು ಹೋಗಬಾರದು. ಹಾರ್ಪಗಾನ್ ಮಕ್ಕಳ ಮದುವೆಗೆ ಒಪ್ಪುವಾಗಲೂ ತನಗೊಂದು ಹೊಸ ಉಡುಪನ್ನು ಬೀಗರಿಂದಲೇ ಗಿಟ್ಟಿಸಿಕೊಂಡು, ತನ್ನ ಹಣದ ಪೆಟ್ಟಿಗೆಯನ್ನು ನೋಡಲು ಹೊರಡುತ್ತಾನೆ.