ಲೇಸರ್ ಶೋ: ಮುಂಗಡ ಕೊಡುವ ಮೊದಲು ಏನೇನು ಪರಿಶೀಲಿಸಬೇಕು?

2023ರ ಗಣೇಶ ವಿಸರ್ಜನೆಯ ವೇಳೆ ಮಹಾರಾಷ್ಟ್ರದಲ್ಲಿ ಲೇಸರ್ ಕಿರಣ ತಗುಲಿ ಕೆಲವರ ಅಕ್ಷಿಪಟಲಕ್ಕೆ ಹಾನಿಯಾದ ವರದಿಗಳು ಬಂದವು. ಮೆರವಣಿಗೆ ನೋಡಲು ನಿಂತವರಿಗೆ ಆದ ಗಾಯಗಳಿವು. ಬೀದರ್ ಜಿಲ್ಲೆಯ ಗಣೇಶ ಮಂಡಳಿಗಳಾಗಲಿ, ಮದುವೆ ಮನೆಯವರಾಗಲಿ ಲೇಸರ್ ಶೋ ಗೊತ್ತುಮಾಡುವಾಗ ಬಾಡಿಗೆಯ ಚೌಕಾಸಿಗೆ ಮೊದಲು ಕಾಗದಪತ್ರ ಕೇಳಬೇಕು.

ಮೊದಲು ಯಂತ್ರವನ್ನೇ ನೋಡಿ. ವೇದಿಕೆಯಲ್ಲಿ ತಿರುಗುತ್ತ ಕಡ್ಡಿಯಂಥ ಬೆಳಕು ಚೆಲ್ಲುವ ಶಾರ್ಪಿ ದೀಪವನ್ನೂ ಲೇಸರ್ ಎಂದು ಕರೆಯುವುದುಂಟು. ಅದು ಬಲ್ಬಿನ ಬೆಳಕು. ನಿಜವಾದ ಲೇಸರ್ ಪ್ರೊಜೆಕ್ಟರ್ ಮೇಲೆ ತಯಾರಕರ ಹೆಸರು, ಶಕ್ತಿ, ತರಂಗಾಂತರ ಮತ್ತು ಅಪಾಯದ ವರ್ಗ ನಮೂದಿಸಿದ ಎಚ್ಚರಿಕೆ ಪಟ್ಟಿ ಇರಬೇಕು. ಐಇಸಿ 60825-1 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ನಿರಂತರವಾಗಿ ಹೊಮ್ಮುವ ಕಿರಣ 500 ಮಿಲಿವ್ಯಾಟ್ ಮೀರಿದರೆ ಅದು 4ನೆಯ ವರ್ಗ, ಅತ್ಯಂತ ಅಪಾಯಕಾರಿ. 3 ವ್ಯಾಟ್‌ನ ಯಂತ್ರ ಆ ಮಿತಿಯ ಆರು ಪಟ್ಟು. ರೆಪ್ಪೆ ಮುಚ್ಚಲು ಬೇಕಾಗುವ ಕಾಲು ಸೆಕೆಂಡಿನೊಳಗೆ ಇಂಥ ಕಿರಣ ಕಣ್ಣನ್ನು ಸುಡಬಲ್ಲದು. ಪಟ್ಟಿ ಕಿತ್ತುಹೋಗಿದೆ ಎಂಬ ಉತ್ತರ ಬಂದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ.

ಸಿಇ ಗುರುತನ್ನೋ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ಪತ್ರವನ್ನೋ ತೋರಿಸಿ "ಎಲ್ಲ ಪರವಾನಗಿ ಇದೆ" ಎಂದರೆ ನಂಬಬೇಡಿ. ಸಿಇ ಐರೋಪ್ಯ ಮಾರುಕಟ್ಟೆಗಾಗಿ ತಯಾರಕರು ಹಾಕುವ ಗುರುತು. ಅಮೆರಿಕದಲ್ಲಿ 4ನೆಯ ವರ್ಗದ ಮತ್ತು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ 3ಬಿ ವರ್ಗದ ಲೇಸರ್ ಪ್ರದರ್ಶನಕ್ಕೆ ಎಫ್‌ಡಿಎಯಿಂದ ವಿಶೇಷ ವಿನಾಯಿತಿ ಪಡೆಯಬೇಕು. ಯಂತ್ರ ತಯಾರಿಸಿದವರಿಗೆ ಸಿಕ್ಕ ವಿನಾಯಿತಿ ಅದನ್ನು ಬಾಡಿಗೆಗೆ ತಂದು ಶೋ ನಡೆಸುವವರಿಗೆ ಅಲ್ಲಿಯೂ ಸಾಲದು. ಹಾಗಿರುವಾಗ ಅದೇ ಕಾಗದ ಬೀದರ್‌ನ ಬೀದಿಯಲ್ಲಿ ಅನುಮತಿ ಪತ್ರವಾಗುವುದು ಸಾಧ್ಯವಿಲ್ಲ.

ಇಲ್ಲಿ ಬೇಕಾದದ್ದು ಸ್ಥಳೀಯ ಪೊಲೀಸರ ಲಿಖಿತ ಅನುಮತಿ. ಅರ್ಜಿಯಲ್ಲಿ ಬರೀ "ಡಿಜೆ" ಎಂದು ಬರೆಯದೆ ಲೇಸರ್ ಎಂದು ಸ್ಪಷ್ಟವಾಗಿ ನಮೂದಿಸಿ. ಹಬ್ಬದ ದಿನಗಳಿಗೆ ಲೇಸರ್ ನಿಷೇಧದ ಆದೇಶವಿದೆಯೇ ಎಂದೂ ಠಾಣೆಯಲ್ಲಿ ಕೇಳಿ. ಬೀದರ್‌ನಲ್ಲಿ ಇನ್ನೊಂದು ಎಚ್ಚರ ಅತ್ಯಗತ್ಯ. ಊರಿಗೆ ಅಂಟಿಕೊಂಡೇ ವಾಯುಪಡೆಯ ತರಬೇತಿ ನೆಲೆಯಿದೆ, ನಾಗರಿಕ ವಿಮಾನಗಳೂ ಅಲ್ಲಿಯೇ ಇಳಿಯುತ್ತವೆ. ವಿಮಾನಗಳಿಗೆ ಅಪಾಯ ತರುವ ಬೆಳಕನ್ನು 1937ರ ವಿಮಾನ ನಿಯಮಗಳು ನಿಷೇಧಿಸುತ್ತವೆ. ಪೈಲಟ್‌ನ ಕಣ್ಣು ಕ್ಷಣಕಾಲ ಮಂಕಾದರೂ ಸಾಕು, ಅನಾಹುತವಾಗಬಹುದು. ಆದ್ದರಿಂದ ಬಯಲಿನಲ್ಲಿ ಆಕಾಶದತ್ತ ಕಿರಣ ಬಿಡುವ ಶೋ ನಮ್ಮ ಊರಿಗೆ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಶೋಗೆ ಮುನ್ನ ಜನರಿಲ್ಲದ ಹೊತ್ತಿನಲ್ಲಿ ಅದೇ ಜಾಗದಲ್ಲಿ ಪರೀಕ್ಷೆ ಮಾಡಿಸಿ. ಜನರು ನಿಲ್ಲುವ ನೆಲದಿಂದ ಕನಿಷ್ಠ 3 ಮೀಟರ್ ಎತ್ತರದಲ್ಲಿ, ಪಕ್ಕಕ್ಕೆ 2.5 ಮೀಟರ್ ದೂರದಲ್ಲಿ ಕಿರಣ ಸಾಗಬೇಕೆಂಬ ಅಮೆರಿಕದ ನಿಯಮವನ್ನು ಇಲ್ಲಿಯೂ ಪಾಲಿಸುವುದು ಕ್ಷೇಮ. ಬಾಲ್ಕನಿ, ಮಾಳಿಗೆಗಳನ್ನು ಮರೆಯಬೇಡಿ. ತುರ್ತು ನಿಲುಗಡೆ ಗುಂಡಿ ಒತ್ತಿಸಿ ನೋಡಿ. ಕಿರಣವನ್ನು ಓಡಾಡಿಸುವ ಒಳಗಿನ ಪುಟ್ಟ ಕನ್ನಡಿ ಕೆಟ್ಟು ನಿಂತರೆ ಅಷ್ಟೂ ಶಕ್ತಿ ಒಂದೇ ಬಿಂದುವಿಗೆ ಬೀಳುತ್ತದೆ. ಆಗ ಯಂತ್ರ ತಾನಾಗಿ ಆರುತ್ತದೆಯೇ ಎಂದು ಕೇಳಿ.

ಯಂತ್ರದ ಮಾದರಿ, ಕಿರಣದ ಎತ್ತರ, ವಿಮೆ, ಶೋ ಮುಗಿಯುವವರೆಗೂ ಗುಂಡಿಯ ಬಳಿ ನಿಲ್ಲುವವರ ಹೆಸರು, ಇವೆಲ್ಲ ಕರಾರಿನಲ್ಲಿರಲಿ. ಅಷ್ಟಾದರೂ ಆ ರಾತ್ರಿ ಕಿರಣ ಜನರ ಮುಖದತ್ತ ಇಳಿದರೆ ಕೂಡಲೇ ನಿಲ್ಲಿಸಿ, ನಿಲ್ಲಿಸದಿದ್ದರೆ 112ಕ್ಕೆ ಕರೆ ಮಾಡಿ. ಇತರರ ಸುರಕ್ಷತೆಗೆ ಧಕ್ಕೆ ತರುವ ನಿರ್ಲಕ್ಷ್ಯ ಭಾರತೀಯ ನ್ಯಾಯ ಸಂಹಿತೆಯ 125ನೆಯ ಕಲಮಿನಡಿ ಅಪರಾಧ. ದೃಷ್ಟಿಯಲ್ಲಿ ಕಪ್ಪು ಚುಕ್ಕೆ ಅಥವಾ ಮಸುಕು ಕಂಡವರು ಬೆಳಗಿನವರೆಗೆ ಕಾಯದೆ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು.