ನಾಲ್ಕು, ನಾಲ್ಕು, ನಾಲ್ಕು: ಮೆಡಿಕಲ್ ಅಂಗಡಿಯ ಒಳಕೋಣೆಯಿಂದ

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ. ಈ ಮೂರು ಕಡೆ ನಮ್ಮ ಮೆಡಿಕಲ್ ಅಂಗಡಿಗಳಿವೆ. ಬದಿಯಡ್ಕದ ಅಂಗಡಿಯ ಹಿಂದೆ ಒಂದು ಸಣ್ಣ ಕೋಣೆ. ಅಲ್ಲಿ ನಾನಿರುತ್ತೇನೆ. ಒಂಬತ್ತು ವರ್ಷ ಕೌಂಟರಿನಲ್ಲಿ ನಿಂತವಳು, ಈಗ ಆರು ವರ್ಷದಿಂದ ಒಳಗೆ. ಸ್ಟಾಕ್, ಫ್ರಿಜ್, ಎಕ್ಸ್‌ಪೈರಿ, ಎಚ್1 ರಿಜಿಸ್ಟರ್ (ಡಾಕ್ಟರ ಚೀಟಿ ಇದ್ದರೆ ಮಾತ್ರ ಕೊಡಬೇಕಾದ ಕೆಲವು ಮದ್ದುಗಳ ಮಾರಾಟ ಬರೆದಿಡುವ ಪುಸ್ತಕ), ಲೈಸೆನ್ಸಿನ ಕಾಗದ, ಡ್ರಗ್ಸ್ ಇನ್‌ಸ್ಪೆಕ್ಟರ್ ಬಂದರೆ ಉತ್ತರ ಹೇಳುವುದು, ಇವೆಲ್ಲ ನನ್ನ ಕೆಲಸ. ಮದ್ದು ತೆಗೆದುಕೊಂಡು ಹೋಗುವವರಿಗೆ ನನ್ನ ಮುಖ ಗೊತ್ತಿಲ್ಲ. "ಒಳಗೆ ಕೂತು ಅವಳು ಎಂಥ ಮಾಡುವುದು?" ಎಂದು ಧಣಿಗಳ ಮನೆಯವರೇ ಕೇಳಿದ್ದುಂಟು. 2025ರ ಮಳೆಗಾಲ ಕಳೆದ ಮೇಲೆ ಯಾರೂ ಕೇಳುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾದದ್ದು ಒಂದು ಇನ್ಸುಲಿನ್ ಬಾಟಲಿಯಿಂದ. ನಾನು ಒಳಗೆ ಬಂದ ಮೊದಲ ವರ್ಷ. ಮುಳ್ಳೇರಿಯದ ಅಂಗಡಿಗೆ ಒಬ್ಬ ಹುಡುಗ ಬಂದ. ಅಜ್ಜಿಗೆ ಶುಗರ್ ಇಳಿಯುವುದೇ ಇಲ್ಲ, 300ರ ಮೇಲೆಯೇ ಇದೆ, ಡಾಕ್ಟರು ಎರಡು ಸಲ ಯೂನಿಟ್ ಜಾಸ್ತಿ ಮಾಡಿದರು ಎಂದ. ಬಾಟಲಿಯನ್ನೂ ತಂದಿದ್ದ. ಅಂಗೈಯಲ್ಲಿ ಉರುಳಿಸಿದರೆ ಒಂದೇ ಸಮ ಹಾಲಿನ ಬಣ್ಣ ಬರಬೇಕು, ಅಲ್ವಾ? ಬರಲಿಲ್ಲ. ಗಾಜಿನ ಒಳಬದಿಗೆ ಬಿಳಿ ಕಣ ಅಂಟಿಕೊಂಡಿತ್ತು. ಒಮ್ಮೆ ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್. ಅವರ ಮನೆಯಲ್ಲಿ ಫ್ರಿಜ್ಜೇ ಇಲ್ಲ. ಹಾಗಾದರೆ ಹೆಪ್ಪುಗಟ್ಟಿದ್ದು ನಮ್ಮಲ್ಲೇ.

ಫ್ರಿಜ್ ತೆರೆದು ನೋಡಿದೆ. ಮನೆಬಳಕೆಯ ಹಳೇ ಫ್ರಿಜ್. ಇನ್ಸುಲಿನ್ ಡಬ್ಬಿಗಳು ಹಿಂದಿನ ಗೋಡೆಗೆ ತಾಗಿ ಕೂತಿದ್ದವು. ಬಾಗಿಲಿನ ಮೇಲೆ ಒಳಗಿನ ಉಷ್ಣತೆ ಬರೆಯುವ ಚಾರ್ಟ್. ಬೆಳಿಗ್ಗೆ ನಾಲ್ಕು ಡಿಗ್ರಿ, ಸಂಜೆ ನಾಲ್ಕು. ತಿಂಗಳಿಡೀ ನಾಲ್ಕು, ನಾಲ್ಕು, ನಾಲ್ಕು. ಒಂದೇ ಪೆನ್ನು, ಒಂದೇ ಕೈ. ಲೈನಿನ ಮೇಲೆ ಮರ ಬಿದ್ದು ಹಗಲಿಡೀ ಕರೆಂಟ್ ಇಲ್ಲದ ದಿನವೂ ನಾಲ್ಕು! ಅದನ್ನು ಬರೆದ ಅಂಗಡಿಯ ಹುಡುಗನನ್ನು ಬೈಯಲಿಲ್ಲ. ಥರ್ಮಾಮೀಟರ್ ಇದ್ದದ್ದು ಬಾಗಿಲಿನ ಒಳಬದಿಯಲ್ಲಿ, ಗೆರೆಗಳು ಅಳಿಸಿಹೋಗಿದ್ದವು. ಓದಲಾಗದ್ದನ್ನು ದಿನಾ ಎರಡು ಸಲ ಬರೆ ಎಂದರೆ ಯಾರಾದರೂ ಏನು ಬರೆದಾರು?

ಆ ದಿನ ತೆಗೆದಿಟ್ಟದ್ದು ಇಪ್ಪತ್ತಾರು ಬಾಟಲಿ ಮತ್ತು ಒಂದಷ್ಟು ಗ್ಲಾರ್ಜಿನ್ ಎಂಬ ಇನ್ನೊಂದು ಬಗೆಯ ಇನ್ಸುಲಿನ್ನಿನ ಕಾರ್ಟ್ರಿಜ್. ಸುಮಾರು 15 ಸಾವಿರದ ಮಾಲು. ಗ್ಲಾರ್ಜಿನ್ ನೀರಿನ ಹಾಗೆ ತಿಳಿ. ಕೆಟ್ಟರೂ ಕಣ್ಣಿಗೆ ಕಾಣುವುದಿಲ್ಲ. "ನೋಡಲು ಸರಿಯೇ ಉಂಟಲ್ಲ" ಎಂದರು ಧಣಿಗಳು. ನಾನು ಒಪ್ಪಲಿಲ್ಲ. ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು. ಬಾಟಲಿ ತಂದಿದ್ದ ಹುಡುಗನ ಕೈಗೆ ಕೂಡಲೇ ಹೊಸದನ್ನು ಕೊಟ್ಟು ಕಳಿಸಿದ್ದರೆ ದೊಡ್ಡ ಅನಾಹುತ ಆಗುತ್ತಿತ್ತು. ಸತ್ತ ಇನ್ಸುಲಿನ್ ನಂಬಿ ಡಾಕ್ಟರು ಯೂನಿಟ್ ಏರಿಸಿದ್ದರು. ಅಷ್ಟೇ ಯೂನಿಟ್ ಜೀವ ಇರುವ ಇನ್ಸುಲಿನ್ ಹಾಕಿದರೆ ಅಜ್ಜಿಯ ಶುಗರ್ ಒಮ್ಮೆಲೇ ಕುಸಿಯುತ್ತಿತ್ತು. ಮೊದಲು ಡಾಕ್ಟರಿಗೆ ಫೋನ್ ಮಾಡಿದೆ. ತಪ್ಪು ನಮ್ಮದು ಎಂದೂ ಹೇಳಿದೆ. ಅವರು ಹಳೇ ಯೂನಿಟ್ಟಿಗೆ ಇಳಿಸಿ, ಮೂರು ದಿನ ಶುಗರ್ ನೋಡಲು ಹೇಳಿದರು. ಬಾಟಲಿ ಕೊಟ್ಟದ್ದು ಆಮೇಲೆ. ಕೆಟ್ಟ ಮಾಲು ಬದಲಿಸುವವರು ಈ ಫೋನನ್ನು ಮಾತ್ರ ಮರೆಯಬೇಡಿ.

ಮುಂದಿನ ಎರಡು ವರ್ಷ ದುಡ್ಡು ಹೋದ ಕಥೆ. ಮೊದಲು ವೈಫೈ ಅಲಾರಂ ತಂದೆ. ಆರು ಸಾವಿರ ಚಿಲ್ಲರೆ. ಕರೆಂಟ್ ಹೋದಾಗ ವೈಫೈ ಕೂಡ ಹೋಯಿತು, ಮೆಸೇಜ್ ಬರಲೇ ಇಲ್ಲ. ಸಿಮ್ ಹಾಕುವ ಅಲಾರಂ ತಂದೆ. ಅದು ರಾತ್ರಿ ಎರಡು ಗಂಟೆಗೆ ಸರಿಯಾಗಿ ಮೆಸೇಜ್ ಕಳಿಸಿತು, ನಾನು ನೋಡಿದ್ದು ಬೆಳಿಗ್ಗೆ ಆರಕ್ಕೆ. ಈಗ ಮೂವರಿಗೆ ಕಾಲ್ ಹೋಗುತ್ತದೆ. ಅವರಲ್ಲಿ ಒಬ್ಬರ ಮನೆ ಅಂಗಡಿಗೆ ನಡೆದು ಹೋಗುವಷ್ಟು ಹತ್ತಿರ ಇರಲೇಬೇಕು. ಸಣ್ಣ ಇನ್ವರ್ಟರ್ ಹಾಕಿದೆವು. ಕಂಪ್ರೆಸರ್ ಶುರುವಾಗುವ ಎಳೆತಕ್ಕೆ ಅದು ಟ್ರಿಪ್ ಆಯಿತು. ದೊಡ್ಡದು ಬ್ಯಾಟರಿ ಸೇರಿ 24 ಸಾವಿರದ ಹತ್ತಿರ. ಕೊನೆಗೆ ಗಾಜಿನ ಬಾಗಿಲಿನ ಫಾರ್ಮಸಿ ಫ್ರಿಜ್, 50 ಸಾವಿರದ ಮೇಲೆ. ಒಂದು ಅಂಗಡಿಗೇ ಲಕ್ಷದ ಹತ್ತಿರ ಹೋಯಿತು. "ಈ ದುಡ್ಡಿಗೆ ಒಂದು ವರ್ಷದ ಬಾಡಿಗೆ ಕೊಡಬಹುದಿತ್ತು" ಎಂದು ಧಣಿಗಳು ಹೇಳಿದ್ದು ಎಷ್ಟು ಸಲವೋ.

ಇಷ್ಟು ಖರ್ಚಿನ ನಡುವೆ ನಿಜವಾಗಿ ಕೆಲಸಕ್ಕೆ ಬಂದ ಎರಡು ಉಪಾಯ ಬಹಳ ಅಗ್ಗದವು. ಫ್ರಿಜ್ಜಿನ ಉಷ್ಣತೆಯನ್ನು ತಾನೇ ಬರೆದಿಡುವ ಸಣ್ಣ ಯಂತ್ರ ಲಾಗರ್. ಅದರ ಪ್ರೋಬನ್ನು, ಅಂದರೆ ಉಷ್ಣತೆ ಅಳೆಯುವ ತುದಿಯನ್ನು, ಗಾಳಿಯಲ್ಲಿ ನೇತುಹಾಕಿದರೆ ಬಾಗಿಲು ತೆರೆದಾಗಲೆಲ್ಲ ಅಲಾರಂ ಕೂಗುತ್ತದೆ. ದಿನಕ್ಕೆ ಇಪ್ಪತ್ತು ಸಲ ಕೂಗಿದರೆ ಹುಡುಗರು ಆಫ್ ಮಾಡಿಬಿಡುತ್ತಾರೆ. ನಮ್ಮಲ್ಲಿ ಮಾಡಿದರು. ಪ್ರೋಬನ್ನು ಗ್ಲಿಸರಿನ್ ತುಂಬಿದ ಸಣ್ಣ ಬಾಟಲಿಯಲ್ಲಿ ಮುಳುಗಿಸಿದೆ. ಈಗ ಅದು ಗಾಳಿಯ ಲೆಕ್ಕ ಕೊಡುವುದಿಲ್ಲ, ಮದ್ದಿಗೆ ಎಷ್ಟು ಬಿಸಿ ತಟ್ಟಿತೋ ಹೆಚ್ಚುಕಡಿಮೆ ಅಷ್ಟನ್ನೇ ಹೇಳುತ್ತದೆ. ಎರಡನೆಯದು ನೀರಿನ ಬಾಟಲಿ. ಫ್ರಿಜ್ಜಿನ ಖಾಲಿ ಜಾಗದಲ್ಲಿ ನೀರು ತುಂಬಿದ ಬಾಟಲಿ ಇಟ್ಟರೆ, ಕರೆಂಟ್ ಹೋದ ಮೇಲೆ ಒಂದೂವರೆ ಗಂಟೆ ತಡೆಯುತ್ತಿದ್ದದ್ದು ನಾಲ್ಕು ಗಂಟೆ ತಡೆಯಿತು. ಎಷ್ಟು ಬಾಟಲಿ, ಯಾವ ಅಂತಸ್ತಿನಲ್ಲಿ ಎಂದು ಹೇಳುವುದಿಲ್ಲ. ಅದಕ್ಕೆ ನಾನು ಎಂಟು ತಿಂಗಳು ತಲೆ ಕೆಡಿಸಿಕೊಂಡಿದ್ದೇನೆ.

ಚಾರ್ಟನ್ನೂ ಬದಲಿಸಿದೆ. ಈಗ ಎಷ್ಟಿದೆ ಎಂದು ಬರೆಯುವುದಿಲ್ಲ. ಕಳೆದ ಸಲ ನೋಡಿದ ಮೇಲೆ ಎಲ್ಲಕ್ಕಿಂತ ಕಡಿಮೆ ಎಷ್ಟು, ಜಾಸ್ತಿ ಎಷ್ಟು ಎಂದು ಬರೆದು ರೀಸೆಟ್ ಒತ್ತಬೇಕು. ಅದನ್ನು ಸುಮ್ನೆ ಊಹಿಸಿ ಬರೆಯಲಾಗುವುದಿಲ್ಲ. ವಾರಕ್ಕೊಮ್ಮೆ ಲಾಗರಿನ ಜೊತೆ ತಾಳೆ ನೋಡುತ್ತೇನೆ. ಖಾಲಿ ಬಿಟ್ಟರೆ ಪರವಾಗಿಲ್ಲ, ಸುಳ್ಳು ಬರೆಯಬೇಡಿ ಎಂದಿದ್ದೇನೆ. ಮೂರು ತಿಂಗಳಿಗೊಮ್ಮೆ ಪುಡಿ ಐಸಿಗೆ ಸ್ವಲ್ಪ ನೀರು ಹಾಕಿ ಥರ್ಮಾಮೀಟರ್‌ಗಳನ್ನು ಅದ್ದಿ, ಸೊನ್ನೆ ತೋರಿಸುತ್ತವೆಯೇ ಎಂದು ನೋಡುತ್ತೇನೆ. ಮೊದಲ ಸಲವೇ ಒಂದು ಥರ್ಮಾಮೀಟರ್ ಎರಡು ಡಿಗ್ರಿ ತಪ್ಪು ತೋರಿಸಿತು.

ಇನ್ನು ತಪ್ಪು ಪುಸ್ತಕ. ಕೌಂಟರಿನಲ್ಲಿ ಆದ, ಆಗುವುದರಲ್ಲಿ ತಪ್ಪಿದ ಎಡವಟ್ಟುಗಳನ್ನೆಲ್ಲ ಹೆಸರು ಹಾಕದೆ ಬರೆಯುವ ಒಂದು ನೋಟ್‌ಬುಕ್. ಶುರುವಿನಲ್ಲಿ ಯಾರೂ ಬರೆಯಲಿಲ್ಲ. ನನ್ನದೇ ಹಳೇ ಮೂರು ತಪ್ಪು ಬರೆದಿಟ್ಟ ಮೇಲೆ ಬೇರೆಯವರದ್ದು ಬಂದವು. ಅದರಲ್ಲಿ ನನಗೆ ಮರೆಯಲಾಗದ್ದು ಬೇಳದ ಕಡೆಯ ಒಬ್ಬರು ಅಮ್ಮನದು. ಗಂಟುನೋವಿಗೆ ಮೆಥೊಟ್ರೆಕ್ಸೇಟ್. ಇದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮದ್ದು, ದಿನಾ ನುಂಗಿದರೆ ಜೀವಕ್ಕೇ ಅಪಾಯ ಎಂದು ನಿಮಗೆ ಗೊತ್ತು. ಹಾಗಾಗಿ ವಾರದ ಮದ್ದು ತೆಗೆದುಕೊಳ್ಳುವವರ ಒಂದು ಪಟ್ಟಿ ನನ್ನಲ್ಲಿದೆ. ಎಂಟು ಮಾತ್ರೆ ಕೊಟ್ಟರೆ ಎರಡು ತಿಂಗಳಿಗೆ ಮುಗಿಯಬೇಕು. ಮೊದಲೇ ಬಂದರೆ ಹೆದರಬೇಕು. ಇವರು ಬರಲೇ ಇಲ್ಲ. ಫೋನ್ ಮಾಡಿದೆ. "ಇನ್ನೂ ಆರು ಉಂಟಲ್ಲ ಮಗಾ" ಎಂದರು.

ಆದದ್ದು ಇಷ್ಟು. ಕೌಂಟರಿನ ಹುಡುಗ ಮಲಯಾಳಂನವನು. 'ತಿಂಗಳಾಳ್ಚ ಒಂದು' ಎಂದಿದ್ದ. ಅವನ ಭಾಷೆಯಲ್ಲಿ ಅದು ಸೋಮವಾರ. ಕನ್ನಡದ ಕಿವಿಗೆ ಕೇಳಿದ್ದು ತಿಂಗಳಿಗೆ ಒಂದು! ಕವರಿನ ಮೇಲೆ ಬರೆದದ್ದೂ ಮಲಯಾಳಂ. ಅದನ್ನು ಆ ಅಮ್ಮ ಓದಲಾರರು. ಎರಡು ತಿಂಗಳು ನೋವು ತಿಂದರು. ಸಪ್ತಭಾಷೆಯ ಊರು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಕೌಂಟರಿನಲ್ಲಿ ಅದಕ್ಕೆ ತಯಾರಿ ಬೇಡವೇ?

ಲೇಬಲ್ ಪ್ರಿಂಟರ್ ತಂದೆ, ಒಂಬತ್ತು ಸಾವಿರದಷ್ಟು. ಕನ್ನಡ ಒತ್ತಕ್ಷರಗಳು ಒಡೆದು ಬಂದವು. 'ರಾತ್ರಿ' ಎಂಬುದನ್ನು ನನಗೇ ಓದಲಾಗಲಿಲ್ಲ. ಪದಗಳನ್ನು ಚಿತ್ರ ಮಾಡಿ ಹಾಕಿದ ಮೇಲೆ ಸರಿಯಾಯಿತು. ಅಲ್ಲಿಯವರೆಗೆ ಸುಧಾರಿಸಿದ್ದು ರಬ್ಬರ್ ಸ್ಟಾಂಪ್. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಊಟಕ್ಕೆ ಮೊದಲು, ಊಟದ ನಂತರ, ವಾರಕ್ಕೆ ಒಂದೇ ದಿನ. ಆರು ಸ್ಟಾಂಪ್, ಪ್ರತಿಯೊಂದರಲ್ಲೂ ಕನ್ನಡ ಮತ್ತು ಮಲಯಾಳಂ. ಎಲ್ಲ ಸೇರಿ 500 ರೂಪಾಯಿ ಆಗಲಿಲ್ಲ. ಮುಳ್ಳೇರಿಯದಲ್ಲಿ ಇಂದಿಗೂ ಅವೇ ಓಡುತ್ತಿವೆ.

ಎಚ್1 ರಿಜಿಸ್ಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2014ರ ಮಾರ್ಚ್‌ನಿಂದ ಇರುವ ನಿಯಮ, ಎಲ್ಲರಿಗೂ ಗೊತ್ತು. ರಶ್ಶಿನಲ್ಲಿ ಬರೆಯಲು ಪುರುಸೊತ್ತಿಲ್ಲ ಎಂಬ ದೂರೂ ಗೊತ್ತು. ನಾನು ಎಚ್1 ಮದ್ದುಗಳನ್ನೆಲ್ಲ ಒಂದೇ ರ‍್ಯಾಕಿಗೆ ತಂದು, ಅದರ ಎದುರಿಗೇ ರಿಜಿಸ್ಟರ್ ಇಟ್ಟೆ. ಅದನ್ನು ಸರಿಸದೆ ಮದ್ದಿಗೆ ಕೈ ಹೋಗುವುದಿಲ್ಲ. ಅಷ್ಟೇ. ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಇಲ್ಲ ಎಂದಾಗ ತಿಂಗಳಿಗೆ 30-40 ಸಾವಿರದ ವ್ಯಾಪಾರ ಇಳಿಯಿತು. ಗಿರಾಕಿಗಳು ಆಚೆ ಅಂಗಡಿಗೆ ಹೋದರು. ಧಣಿಗಳಿಗೆ ತುಂಬ ಬೇಜಾರಾಯಿತು. 2024ರಲ್ಲಿ ಡ್ರಗ್ಸ್ ಕಂಟ್ರೋಲ್ ಇಲಾಖೆ ಆಪರೇಷನ್ ಅಮೃತ್ ಶುರುಮಾಡಿ ಅಂಗಡಿಗಳನ್ನು ತಪಾಸಣೆ ಮಾಡಿದಾಗ ನಮ್ಮ ರಿಜಿಸ್ಟರ್ ಮೂರು ವರ್ಷದ್ದು ಪಕ್ಕಾ ಇತ್ತು. ಹೋದ ಗಿರಾಕಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಿರುಗಿ ಬಂದಿದ್ದಾರೆ.

ಸ್ಟ್ರಿಪ್ ಕತ್ತರಿಸುವುದೂ ಹೀಗೆಯೇ ಸಣ್ಣ ವಿಷಯ ಅನಿಸುತ್ತದೆ. ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರುವ ತುದಿ ಕೊನೆಯ ತನಕ ಅಂಗಡಿಯಲ್ಲೇ ಉಳಿಯಬೇಕು. ಫಿಟ್ಸಿನ ಮದ್ದಾದ ಸೋಡಿಯಂ ವಾಲ್ಪ್ರೊಯೇಟನ್ನು ಮಾತ್ರ ಮಾತ್ರೆಯ ಗುಳ್ಳೆಗೆ ಕತ್ತರಿ ತಾಗುವ ಹಾಗೆ ಕತ್ತರಿಸಲೇಬಾರದು. ಅದು ಗಾಳಿಯ ತೇವ ಹೀರುತ್ತದೆ. ನಮ್ಮ ಜುಲೈ ಮಳೆಯಲ್ಲಿ ಎರಡೇ ದಿನಕ್ಕೆ ಅಂಟಂಟಾಯಿತು. ಎಣ್ಮಕಜೆ, ಬೆಳ್ಳೂರು ಕಡೆ ಎಂಡೋಸಲ್ಫಾನ್ ಬಾಧಿತ ಮನೆಗಳಿವೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಸಿಂಪಡಿಸಿದ ವಿಷದ ಫಲ. ಅಲ್ಲಿ ಫಿಟ್ಸ್ ಇರುವ ಮಕ್ಕಳಿಗೆ ಈ ಮದ್ದು ಒಂದು ದಿನ ತಪ್ಪಿದರೂ ಕಷ್ಟ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿ ಮಂಗಳೂರಿನ ಮಾಲು ನಿಂತಾಗ ನಾನು ನಿದ್ದೆ ಮಾಡಲಿಲ್ಲ. ಅಂದಿನಿಂದ ಫಿಟ್ಸಿನ ಮದ್ದು ಒಂದು ತಿಂಗಳಿಗಾಗುವಷ್ಟು ಬೇರೆಯೇ ತೆಗೆದಿಡುತ್ತೇನೆ. ಅದನ್ನು ಕೌಂಟರಿಗೆ ಕೊಡುವುದಿಲ್ಲ, ಧಣಿಗಳು ಕೇಳಿದರೂ.

ನಡುವೆ ಒಂದು ಪ್ರಯೋಗ ಮಾಡಿದೆ. ಆ ಅಜ್ಜಿಯಂಥವರು ಫ್ರಿಜ್ ಇಲ್ಲದ ಮನೆಯಲ್ಲಿ ಇನ್ಸುಲಿನ್ ಎಲ್ಲಿಡುವುದು? ಒಂದರೊಳಗೆ ಒಂದು ಮಣ್ಣಿನ ಮಡಕೆ, ನಡುವೆ ಒದ್ದೆ ಹೊಯ್ಗೆ. ಲಾಗರ್ ಒಳಗಿಟ್ಟೆ. ಏಪ್ರಿಲಿನಲ್ಲಿ ಮುಳ್ಳೇರಿಯದ ಮನೆಯಲ್ಲಿ ಹೊರಗೆ 34 ಇದ್ದಾಗ ಒಳಗೆ 28, 29. ಕುಂಬಳೆಯಲ್ಲಿ ಕಡಲ ಗಾಳಿಯ ತೇವಕ್ಕೆ ಎರಡು ಡಿಗ್ರಿಯೂ ಸರಿಯಾಗಿ ಇಳಿಯಲಿಲ್ಲ. ಪೆರ್ಲದ ಕಡೆ ಒಬ್ಬರು ತಮ್ಮ ಗುಡ್ಡದ ಸುರಂಗದಲ್ಲಿ ಇಟ್ಟು ನೋಡಿ ಎಂದರು. ನೀರಿಗಾಗಿ ಕೊರೆದ ಸುರಂಗ ನಮ್ಮ ಕಡೆ ಎಷ್ಟೋ ಮನೆಗಳಲ್ಲಿದೆಯಲ್ಲ. ಸ್ಟೀಲ್ ಡಬ್ಬದಲ್ಲಿ ಲಾಗರ್ ಇಟ್ಟು ಹತ್ತು ದಿನ ಬಿಟ್ಟೆ. ಹಗಲೂ ರಾತ್ರಿಯೂ 26ರ ಆಸುಪಾಸು, ಅಲುಗಾಡಲೇ ಇಲ್ಲ! ತೆರೆದ ಬಾಟಲಿಗೆ ಅದು ಚೆನ್ನಾಗಿ ಸಾಕು. ಆದರೆ ಒಳಗೆ ಬಾವಲಿ, ತೇವಕ್ಕೆ ಲೇಬಲ್ ಕಿತ್ತುಬಂತು, ವಯಸ್ಸಾದವರು ದಿನಾ ಎರಡು ಸಲ ಬಗ್ಗಿ ಒಳಗೆ ಹೋಗುವುದೂ ಆಗದ ಮಾತು. ಬಿಟ್ಟೆ. ಮಡಕೆಯನ್ನು ಒಳನಾಡಿನ ಮನೆಗಳಿಗೆ ಮಾತ್ರ ಹೇಳುತ್ತೇನೆ.

2025ರ ಜುಲೈಯಲ್ಲಿ ಗಾಳಿಮಳೆಗೆ ಮುಳ್ಳೇರಿಯದ ಅಂಗಡಿಯಲ್ಲಿ ಕರೆಂಟ್ ಹೋದದ್ದು ಹೆಚ್ಚುಕಡಿಮೆ 22 ಗಂಟೆ. ಇನ್ವರ್ಟರ್ ಏಳು ಗಂಟೆ ನಡೆಯಿತು. ಆಮೇಲೆ ನೀರಿನ ಬಾಟಲಿಗಳು. ಅಲಾರಂ ಕಾಲ್ ಬಂದವನು ಬೆಳಿಗ್ಗೆ ಮಾಲನ್ನೆಲ್ಲ ಐಸ್ ಬಾಕ್ಸಿಗೆ ಹಾಕಿ ಬದಿಯಡ್ಕಕ್ಕೆ ತಂದ. ಐಸ್ ಪ್ಯಾಕನ್ನು ಫ್ರೀಜರಿನಿಂದ ತೆಗೆದ ಕೂಡಲೇ ಹಾಕದೆ, ಕುಲುಕಿದರೆ ನೀರಿನ ಸದ್ದು ಕೇಳುವ ತನಕ ಕಾದ. ಲಾಗರ್ ತೋರಿಸಿದ ಅತಿ ಜಾಸ್ತಿ 7.4 ಡಿಗ್ರಿ. ಒಂದು ಬಾಟಲಿಯೂ ಹೋಗಲಿಲ್ಲ. ಮೊದಲೆಲ್ಲ ವರ್ಷಕ್ಕೆ 40 ಸಾವಿರದಷ್ಟು ಫ್ರಿಜ್ ಮಾಲು ಕಸಕ್ಕೆ ಹೋಗುತ್ತಿತ್ತು. ಈಗ ಮೂರು ಸಾವಿರವೂ ಇಲ್ಲ. ಮುಳ್ಳೇರಿಯದ ಖರ್ಚು ಎರಡೂವರೆ ವರ್ಷದಲ್ಲಿ ಬಂದುಬಿಟ್ಟಿತು. ಎಕ್ಸ್‌ಪೈರಿ ಮಾಲನ್ನು ಸ್ಟಾಕಿಸ್ಟ್ ಕೈಯಲ್ಲಿ ವಾಪಸ್ ತೆಗೆಸುವ ನನ್ನ ದಾರಿಯಿಂದಲೂ ಒಂದಷ್ಟು ಉಳಿದಿದೆ. ಅದು ನನ್ನಲ್ಲೇ ಇರಲಿ.

2025ರ ಅಕ್ಟೋಬರಿನಲ್ಲಿ, ಮಧ್ಯಪ್ರದೇಶದ ಛಿಂದ್ವಾರದಲ್ಲಿ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತ ಸುದ್ದಿ ಬಂತು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಇತ್ತು. ಕೇರಳದಲ್ಲಿ ಆ ಸಿರಪ್ಪಿನ ಮಾರಾಟ ನಿಲ್ಲಿಸಿದರು. ಆ ಬ್ಯಾಚ್ ಇಲ್ಲಿ ಮಾರಾಟವಾಗಿಲ್ಲ ಎಂದರೂ ನನಗೆ ಸಮಾಧಾನ ಆಗಲಿಲ್ಲ. ನಮ್ಮ ಜನ ಮದ್ದನ್ನು ಗಡಿಯ ಎರಡೂ ಕಡೆ ಕೊಳ್ಳುತ್ತಾರೆ. ಬೊಂಬಾಯಿಯಿಂದ ಬಂದ ನೆಂಟರು ತಂದದ್ದೂ ಮನೆಯಲ್ಲಿರುತ್ತದೆ. ನಮ್ಮ ಬಿಲ್ಲಿನಲ್ಲಿ ಬ್ಯಾಚ್ ಜೊತೆಗೆ ಫೋನ್ ನಂಬರನ್ನೂ ನಾಲ್ಕು ವರ್ಷದಿಂದ ಹಾಕುತ್ತಿದ್ದೇವೆ. ರಶ್ಶಿನಲ್ಲಿ ನಂಬರ್ ಕೇಳುತ್ತಾ ನಿಂತರೆ ಗಿರಾಕಿ ಓಡಿಹೋಗುತ್ತಾರೆ ಎಂದು ಎಲ್ಲರೂ ಹೇಳಿದ್ದರು. ಆ ದಿನ ಮೂರೂ ಅಂಗಡಿಯ ಸ್ಟಾಕ್ ನೋಡಿ ಮುಗಿಸಿ, ಮೂರು ತಿಂಗಳಲ್ಲಿ ಸಣ್ಣ ಮಕ್ಕಳಿಗೆ ಕೆಮ್ಮಿನ ಸಿರಪ್ ತೆಗೆದುಕೊಂಡವರಿಗೆಲ್ಲ ಫೋನ್ ಶುರುಮಾಡಿದೆವು. 60-70 ಮನೆ, ಸಂಜೆಯೊಳಗೆ ಮುಗಿಯಿತು. ಮನೆಯಲ್ಲಿರುವ ಬಾಟಲಿ ಯಾವುದೇ ಆಗಲಿ, ತಂದು ತೋರಿಸಿ ಎಂದೆವು. ಹನ್ನೊಂದು ಜನ ತಂದರು. ಆ ಸಿರಪ್ ಯಾರಲ್ಲೂ ಇರಲಿಲ್ಲ. ನಾಲ್ಕು ಬಾಟಲಿ ಎಕ್ಸ್‌ಪೈರಿ ಆದವು ಸಿಕ್ಕಿದವು.

ಈಗ ಉಳಿದಿರುವುದು ಬಸ್ಸಿನ ದಾರಿ. ಅಂಗಡಿಯಿಂದ ಮನೆಗೆ ಒಂದೂವರೆ ಗಂಟೆ, ಬಿಸಿಲಿನ ಕಿಟಕಿಯ ಪಕ್ಕ ಚೀಲದಲ್ಲಿ ಇನ್ಸುಲಿನ್. ಥರ್ಮೋಕೋಲ್ ಡಬ್ಬಿ ಮತ್ತು ಒಂದು ಜೆಲ್ ಪ್ಯಾಕ್ ಕೊಟ್ಟು 20 ರೂಪಾಯಿ ಡಿಪಾಸಿಟ್ ಇಟ್ಟುಕೊಳ್ಳುತ್ತಿದ್ದೇವೆ. ಮೂವತ್ತು ಕೊಟ್ಟಿದ್ದೇನೆ, ಹದಿನೆಂಟು ವಾಪಸ್ ಬಂದಿವೆ. ಕುಂಬಳೆಗೂ ಫಾರ್ಮಸಿ ಫ್ರಿಜ್ ಬೇಕೆಂದು ನಾನು ಕೇಳುವ ಮೊದಲೇ ಧಣಿಗಳು ಹೋದ ವಾರ ಆರ್ಡರ್ ಕೊಟ್ಟರು. ಅದು ಬಂದ ದಿನ ಖಾಲಿ ಫ್ರಿಜ್ಜಿನಲ್ಲಿ ಮೂರು ಲಾಗರ್ ಇಟ್ಟು, ಒಂದು ವಾರ ಮದ್ದು ಹಾಕದೆ ಬರೀ ನೋಡುತ್ತೇನೆ.